ಏಳನೆಯ ಸುತ್ತಿನ ತೋಳು

ತಾಂಬಳೆಯ ಇಸ್ರಾಯೇಲ್ ಓಣಿಯಲ್ಲಿ ಕೇತುರಾಬಾಯಿಯ ಬಾಯಿಗೆ ಹೆದರದೆ ಇದ್ದವರು ಇಬ್ಬರೇ. ಒಂದು ಅವಳ ಗಾಣದ ಎತ್ತು, ಇನ್ನೊಬ್ಬ ದೇವರು. ಎತ್ತು ಸತ್ತು ಮೂರು ವರ್ಷವಾಗಿತ್ತು. ದೇವರಿಗೂ ಆಕೆ ವರ್ಷಕ್ಕೊಮ್ಮೆ, ದೊಡ್ಡ ಉಪವಾಸದ ದಿನ, ಪ್ರಾರ್ಥನಾ ಮಂದಿರದ ಮಹಡಿಯಲ್ಲಿ ಹೆಂಗಸರ ಜಾಗದಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ನಾಲ್ಕು ಮಾತು ಹೇಳದೆ ಬಿಡುತ್ತಿರಲಿಲ್ಲ.

ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯ ಈ ಊರಿನಲ್ಲಿ ಒಂದು ಕಾಲಕ್ಕೆ ಯೆಹೂದಿಗಳ ಅರವತ್ತು ಮನೆಗಳಿದ್ದವು. ಮುಕ್ಕಾಲು ಪಾಲು ಜನ ಕೊಬ್ಬರಿ ಎಣ್ಣೆಯ ಗಾಣದವರು. ಶನಿವಾರ ಎತ್ತು ಬಿಚ್ಚಿ ನಿಲ್ಲಿಸುತ್ತಿದ್ದರಾದ್ದರಿಂದ ಊರ ಬಾಯಲ್ಲಿ ಅವರು ಶನಿವಾರದ ಗಾಣಿಗರು. ಒಬ್ಬೊಬ್ಬರಾಗಿ ಮುಂಬೈಗೆ ಹೋದರು, ಆಮೇಲೆ ಸಂಸಾರ ಸಂಸಾರವೇ ಗಂಟುಮೂಟೆ ಕಟ್ಟಿ ಇಸ್ರೇಲಿಗೆ ಹೋಯಿತು. ಉಳಿದದ್ದು ನಾಲ್ಕು ಮನೆ. ಕೇತುರಾಬಾಯಿಗೂ ಹೋಗುವ ಅವಕಾಶ ಇತ್ತು. ಅಧಿಕಾರಿ ಬಂದು ಕಾಗದ ತೋರಿಸಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ತೆಂಗಿನ ಗಿಡ ಅದಾವೇನು?" ಇಲ್ಲ ಎಂದಾಗ, "ಹಂಗಾರ ಮೀನಿನ ಸಾರು ಯಾತರಾಗ ಮಾಡ್ತಾರ?" ಎಂದು ಎದ್ದು ಒಳಗೆ ಹೋದಳು. ಮಾತುಕತೆ ಅಲ್ಲಿಗೆ ಮುಗಿಯಿತು.

ಅವಳ ಗಂಡ ಅಬಾಜಿ ಓಣಿಯ ಪ್ರಾರ್ಥನಾ ಮಂದಿರವಾದ ಸಿನಗಾಗ್ ನೋಡಿಕೊಳ್ಳುತ್ತಿದ್ದ. ಹತ್ತೊಂಬತ್ತು ವರ್ಷದ ಹಿಂದೆ ಅವನು ತೀರಿಕೊಂಡಾಗ ಬೀಗದಕೈ ಅವಳ ಸೊಂಟಕ್ಕೆ ಬಂತು. ಯಾರೂ ಕೊಡಲಿಲ್ಲ, ಯಾರೂ ವಾಪಸ್ಸು ಕೇಳಲೂ ಇಲ್ಲ. ಅಂದಿನಿಂದ ಗಾಜಿನ ತೂಗುದೀಪಗಳಿಗೆ ಕೊಬ್ಬರಿ ಎಣ್ಣೆ ಹಾಕುವವಳು ಅವಳು, ಶುಕ್ರವಾರ ಒಣದ್ರಾಕ್ಷಿ ನೆನೆಸಿ ಹಿಂಡಿ ಶರಬತ್ತು ಮಾಡುವವಳು ಅವಳು, ಪ್ರಾರ್ಥನೆಗೆ ತಡವಾಗಿ ಬಂದವರಿಗೆ ಬಾಗಿಲಲ್ಲೇ ಮಂಗಳಾರತಿ ಮಾಡುವವಳೂ ಅವಳೇ.

ಹತ್ತು ಗಂಡಸರು ಸೇರದಿದ್ದರೆ ಪ್ರಾರ್ಥನೆ ಪೂರ್ತಿಯಾಗುವುದಿಲ್ಲ, ಸರಿ. ಆದರೆ ಅದು ಅವಳ ಚಿಂತೆಯೇ ಆಗಿರಲಿಲ್ಲ. ಹಬ್ಬ ಬಂತೆಂದರೆ ಸುತ್ತಲ ಹಳ್ಳಿಗಳಿಗೆ ಕಾರ್ಡು ಬರೆಸಿ, ಬೆದರಿಸಿ, ಹಿಂದಿನ ದಿನದ ಬಸ್ಸಿಗೇ ಕರೆಸಿಕೊಳ್ಳುತ್ತಿದ್ದಳು. ಹತ್ತಲ್ಲ, ಹನ್ನೊಂದು ಜನ ಆಗುತ್ತಿದ್ದರು. ತೊಂದರೆ ಇದ್ದದ್ದು ತಲೆಗಳದಲ್ಲ, ತೋಳುಗಳದು.

ಯಾಕೆಂದರೆ ತಾಂಬಳೆಯ ಕಪಾಟಿನಲ್ಲಿ ಧರ್ಮಗ್ರಂಥವಾದ ತೋರಾದ ಸುರುಳಿಗಳು ಏಳು. ಒಳ್ಳೆಯ ಕಾಲದಲ್ಲಿ ಒಂದೊಂದು ಮನೆತನ ಒಂದೊಂದನ್ನು ಬರೆಸಿ ಕೊಟ್ಟದ್ದು. ಪ್ರತಿಯೊಂದೂ ಬೆಳ್ಳಿ ಪಟ್ಟಿ ಬಡಿದ ಮರದ ಕರಂಡದಲ್ಲಿ ನೆಟ್ಟಗೆ ನಿಂತಿರುತ್ತದೆ. ವಾರಕ್ಕೊಮ್ಮೆ ಅವನ್ನು ಎತ್ತಿ ಒರೆಸಿ ಇಡುವ ಕೇತುರಾಬಾಯಿಗೆ ಒಂದೊಂದರ ತೂಕವೂ ಗೊತ್ತು. ಎಲ್ಲಕ್ಕಿಂತ ಭಾರದ್ದಕ್ಕೆ ಆಕೆ ದೊಡ್ಡಪ್ಪ ಎನ್ನುತ್ತಿದ್ದಳು, ಹಗುರವಾದದ್ದಕ್ಕೆ ಸಣ್ಣಾಕಿ. ವರ್ಷಕ್ಕೊಮ್ಮೆ, ತೋರಾ ಹಬ್ಬದ ಬೆಳಿಗ್ಗೆ, ಏಳೂ ಹೊರಗೆ ಬರಬೇಕು. ಖಾಲಿ ಕಪಾಟಿನಲ್ಲಿ ಒಂದು ದೀಪ ಇಟ್ಟು, ಸುರುಳಿಗಳನ್ನು ತಬ್ಬಿಕೊಂಡು ಗಂಡಸರು ನಡುವಿನ ಕಟ್ಟೆಯ ಸುತ್ತ ಹಾಡುತ್ತ ಏಳು ಸುತ್ತು ಬರಬೇಕು. ಇದು ಎಲ್ಲ ಊರಿನಲ್ಲೂ ಇರುವುದೇ. ತಾಂಬಳೆಯಲ್ಲಿ ಮಾತ್ರ ಇನ್ನೊಂದು ಪದ್ಧತಿ ಇದೆ. ಏಳನೆಯ ಸುತ್ತಿನಲ್ಲಿ ಯಾವ ಸುರುಳಿ ಯಾರ ಕೈಯಲ್ಲಿರುತ್ತದೋ ಆ ವರ್ಷಕ್ಕೆ ಅವನು ಅದರ ತೋಳು. ಮುಂದಿನ ವರ್ಷ ಕಪಾಟಿನಿಂದ ಅದನ್ನು ಇಳಿಸುವವನು ಅವನೇ. ಬೇಡವೆಂದರೆ ತಾನೇ ಬಂದು, ಇನ್ನೊಬ್ಬನ ತೋಳಿಗೆ ಕೊಟ್ಟು ಬಿಡುಗಡೆ ಪಡೆಯಬೇಕು. ಕಾಗದ ಬರೆದರೆ ನಡೆಯುವುದಿಲ್ಲ. ಅಬಾಜಿ ಮೂವತ್ತೊಂದು ವರ್ಷ ದೊಡ್ಡಪ್ಪನ ತೋಳಾಗಿದ್ದ.

ವರ್ಷ ವರ್ಷ ಕಡಿಮೆಯಾಗುತ್ತ ಹೋದ ವರ್ಷ ನಾಲ್ಕೇ ಸುರುಳಿ ಸುತ್ತು ಬಂದವು. ಒಬ್ಬನಿಗೆ ಮಂಡಿ, ಒಬ್ಬನಿಗೆ ಹರ್ನಿಯಾ, ಒಬ್ಬನಿಗೆ ಎದೆ ಕುಯ್ಯಿಸಿಕೊಂಡು ಆರು ತಿಂಗಳು. ಉಳಿದವರು ಕೋಲಿಲ್ಲದೆ ನಿಲ್ಲಲಾರದವರು. ಮೂರು ಸುರುಳಿಗಳು ಪರದೆಯ ಹಿಂದೆಯೇ ಉಳಿದವು. ಮಹಡಿಯಲ್ಲಿದ್ದ ಕೇತುರಾಬಾಯಿ ಅವತ್ತು ಹಾಡಲಿಲ್ಲ. ಸುದ್ದಿ ಹೇಗೋ ಮುಂಬೈ ಮುಟ್ಟಿತು, ಮುಂಬೈಯಿಂದ ಕಾಗದ ಬಂತು.

ಓದಿದವನು ಮೆನಾಶೆ. ಎಪ್ಪತ್ತಾರು ವರ್ಷ, ಬಸ್ಸಿನ ಕಂಡಕ್ಟರಾಗಿ ನಿವೃತ್ತ, ಈಗ ಪ್ರಾರ್ಥನೆ ನಡೆಸುವ ಹಜ್ಜಾನ. ದೇವರ ಹೆಸರನ್ನೂ ಮುಂದಿನ ಸ್ಟಾಪಿನ ಹೆಸರಿನಂತೆ ಗಟ್ಟಿಯಾಗಿ ಕೂಗುವ ಮನುಷ್ಯ. ಗಾಣದ ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿ, ಓದಿದ.

"ಮುಂಬೈ ಬಾಜೂಕ ಠಾಣೆ ಊರಾಗ ಹೊಸ ಪ್ರಾರ್ಥನಾ ಮಂದಿರ ಆಗೇತಂತ. ನಾನೂರು ಮನಿ, ಇರೋವು ಎರಡs ಸುರುಳಿ ಅಂತ. ನಮ್ಮಲ್ಲಿ ಏಳು ಅದಾವು, ಎತ್ತವರಿಲ್ಲ ಅಂತ. ಒಂದು ಇಟಗೊಂಡು ಆರು ಕೊಡ್ರಿ, ಹಬ್ಬಾದ ಮ್ಯಾಲೆ ಟೆಂಪೋ ಕಳಸ್ತೇವಿ ಅಂತ."

"ಸಹಿ ಯಾರದೈತಿ?"

"ಕಾರ್ಯದರ್ಶಿ. ಎಡ್ವಿನ್ ತಾಂಬಳೇಕರ್."

ಕೇತುರಾಬಾಯಿ ಕೈಯಲ್ಲಿದ್ದ ಕೊಬ್ಬರಿ ಬಟ್ಟಲನ್ನು ಮೊರಕ್ಕೆ ಎಸೆದಳು. "ತಾಂಬಳೇಕರ್! ನಮ್ಮೂರ ಹೆಸರು ಹಣೀಗೆ ಕಟಗೊಂಡು ತಿರಗತಾನ, ನಮ್ಮೂರ ಮಣ್ಣು ಒಂದಿನಾರ ತುಳದಾನೇನು? ಹೆಸರು ಹೊರಾಕ ಹಗರ, ಅಲ್ಲಾ?"

"ಅವ್ರು ಹೇಳೋದ್ರಾಗೂ ಖರೆ ಐತಿ ಬಾಯಿ," ಎಂದ ಮೆನಾಶೆ ಮೆಲ್ಲಗೆ. "ನಾನೂರು ಮನಿಗೆ ಎರಡು ಅಂದ್ರ—"

"ಖರೆ ಐತಿ ಅಂತ ನನಗೂ ಗೊತ್ತೈತಿ. ಅದಕ್ಕs ಸಿಟ್ಟು ಬರಾಕತ್ತೇತಿ. ಪೆನ್ನು ತಗಿ. ಬರಿ: ಹಬ್ಬಕ್ಕ ನೀವs ಬರ್ರಿ. ಏಳೂ ಸುರುಳಿ ಏಳು ಸುತ್ತು ಬಂದ್ವು ಅಂದ್ರ ಬರಿಗೈಲೆ ಹೋಗ್ರಿ. ಒಂದು ಕಮ್ಮಿ ಬಂತಂದ್ರ ಆರೂ ಒಯ್ರಿ, ನಾನs ನಿಂತು ಟೆಂಪೋಕ್ಕ ಏರಸ್ತೀನಿ."

ಮೆನಾಶೆ ಪೆನ್ನು ಹಿಡಿದು ಹಾಗೇ ಕೂತ. "ಬಾಯಿ, ಏಳು ತ್ವಾಳು ಎಲ್ಲಿಂದ ತರ್ತೀ?"

"ನೀ ಬರಿಯೋ ಕೆಲಸ ಮಾಡು, ತ್ವಾಳಿನ ಕೆಲಸ ನಂದು."

ವಾರದಲ್ಲಿ ಉತ್ತರ ಬಂತು. ಎರಡೇ ಸಾಲು. ಒಪ್ಪಿದೆ, ನಾನೇ ಬರುತ್ತೇನೆ. ಅವನು ಒಪ್ಪದೆ ಏನು ಮಾಡಿಯಾನು? ಮುದುಕರ ಲೆಕ್ಕ ಅವನ ಹತ್ತಿರ ಇತ್ತು.

ಅದರ ಮರುದಿನದಿಂದ ಕೇತುರಾಬಾಯಿಯ ಗಾಣ ಮತ್ತೆ ತಿರುಗತೊಡಗಿತು, ಎತ್ತಿಲ್ಲದೆ. ಹೊತ್ತು ಇಳಿಯುತ್ತಲೇ ನಾಲ್ಕು ಮನೆಯ ನಾಲ್ಕು ಗಂಡಸರೂ ಹಾಜರಾಗಬೇಕು. ಮೆನಾಶೆ, ತೆಂಗಿನ ತೋಟದ ಎಜ್ರಾ, ಸೋಡಾ ಅಂಗಡಿಯ ಅಣ್ಣತಮ್ಮಂದಿರಾದ ಹಯೀಮ್ ಮತ್ತು ನಿಸ್ಸೀಮ್. ಒಬ್ಬೊಬ್ಬರ ತೋಳಿಗೂ ಮರಳು ತುಂಬಿದ ಎಣ್ಣೆ ಡಬ್ಬ ಒಂದೊಂದು. ಎತ್ತುಗಳು ನಲವತ್ತು ವರ್ಷ ತುಳಿದು ಸವೆಸಿದ ಆ ದುಂಡು ಹಾದಿಯಲ್ಲಿ ಡಬ್ಬ ತಬ್ಬಿಕೊಂಡು ಏಳು ಸುತ್ತು. ಮೊದಲ ವಾರ ಕಾಲು ಡಬ್ಬ, ಎರಡನೆಯ ವಾರ ಅರ್ಧ. ಹೊರ ಊರಿನವರಲ್ಲಿ ಕೈಲಾಗುವ ಮೂವರಿಗೆ ಕಾರ್ಡು ಹೋಯಿತು: ನಿಮ್ಮ ನಿಮ್ಮ ಅಂಗಳದಲ್ಲಿ ಇದೇ ಮಾಡಿ, ಮಾಡದೆ ಬಂದರೆ ಹಬ್ಬದ ಊಟವಿಲ್ಲ.

ಓಣಿಯ ತುದಿಯ ಮೀನುಗಾರ ಹೆಂಗಸರು ಮೀನಿನ ಬುಟ್ಟಿ ಇಳಿಸಿ ಬೇಲಿಯ ಮೇಲಿಂದ ನೋಡುತ್ತಿದ್ದರು. "ಮಾವಶಿ, ಎಣ್ಣಿ ಎಷ್ಟು ಬಂತ ಇವತ್ತು?"

"ಇನ್ನೂ ಬೆವರs ಬರಾಕತ್ತೇತಿ, ಎಣ್ಣಿ ಬಂದ್ರ ಹೇಳಿ ಕಳಸ್ತೀನಿ!"

ಹಯೀಮ್, ನಿಸ್ಸೀಮ್ ಒಂದೇ ಅಂಗಡಿಯಲ್ಲಿ ಕೂತು ಆರು ವರ್ಷದಿಂದ ಮಾತು ಬಿಟ್ಟವರು. ಜಗಳ ಯಾವುದಕ್ಕೆ ಎಂದು ಇಬ್ಬರಿಗೂ ನೆನಪಿಲ್ಲ, ಹಟ ಮಾತ್ರ ನೆನಪಿತ್ತು. ತಾನು ಮುಂದೆ ಹೋಗಬೇಕು ಎಂದು ಇಬ್ಬರೂ ಬಿರಬಿರನೆ ನಡೆದರು. ದುಂಡು ಹಾದಿಯಲ್ಲಿ ಮುಂದೆ ಯಾವುದು, ಹಿಂದೆ ಯಾವುದು? ಹತ್ತನೆಯ ದಿನ ಅಣ್ಣನ ಡಬ್ಬ ಜಾರಿತು. ತಮ್ಮ ತನ್ನ ಡಬ್ಬ ಕೆಳಗಿಟ್ಟು ಅದನ್ನು ಹಿಡಿದ. "ಎದೀಗೆ ಒತ್ತಿ ಹಿಡ್ಕೋ, ಹೊಟ್ಟೀಗಲ್ಲ," ಎಂದ. ಆರು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಕೇತುರಾಬಾಯಿ ಕೇಳಿಸದವಳಂತೆ ಅತ್ತ ತಿರುಗಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮರುಕ್ಷಣವೇ, "ನಿಂತ್ರ್ಯಾಕ? ಇನ್ನೂ ಮೂರು ಸುತ್ತು!" ಎಂದು ಗದರಿದಳು.

ಎಜ್ರಾ ಒಂದು ದಿನ ಏದುಸಿರು ಬಿಡುತ್ತ ನಿಂತ. "ಅಲ್ಲ ಬಾಯಿ, ನಮಗಿಂತ ನಿನ್ನ ತ್ವಾಳs ಗಟ್ಟಿ. ವಾರಾ ವಾರಾ ಏಳೂ ಎತ್ತಿ ಇಡ್ತೀ. ಹಬ್ಬದ ದಿನ ಒಂದು ನೀನs ಹಿಡೀಬಾರದ್ಯಾಕ? ಈಗ ಯಾರು ಬ್ಯಾಡ ಅಂತಾರ?"

"ಯಾರೂ ಅನ್ನೂದಿಲ್ಲ. ಒಂದ್ಯಾಕ, ಎರಡು ಹಿಡೀತೀನಿ." ಕೇತುರಾಬಾಯಿ ಅವನ ಡಬ್ಬಕ್ಕೆ ಇನ್ನೊಂದು ಬೊಗಸೆ ಮರಳು ಸುರಿದಳು. "ಆದ್ರ ನಾ ಹೊತ್ನಿ ಅಂದ್ರ ನೀವೆಲ್ಲಾ ಆರಾಮ ಕುಂತು ನೋಡ್ತೀರಿ. ನಾ ಸತ್ತ ದಿನ ಅವೂ ಕಪಾಟಿನ್ಯಾಗ ನಿಂತು ಬಿಡ್ತಾವು. ಹೊರೂದು ನನ್ನ ಕೆಲಸ ಅಲ್ಲೋ ಎಜ್ರಾ. ಹೊರಸೂದು ನನ್ನ ಕೆಲಸ."

ಹಬ್ಬದ ಹಿಂದಿನ ದಿನ ಮಧ್ಯಾಹ್ನದ ಬಸ್ಸಿನಲ್ಲಿ ಎಡ್ವಿನ್ ತಾಂಬಳೇಕರ್ ಬಂದ. ಅರವತ್ತರ ಹತ್ತಿರದ ಮನುಷ್ಯ, ರೈಲ್ವೆ ಕಚೇರಿಯಲ್ಲಿದ್ದವನು, ಇಸ್ತ್ರಿ ಕೆಡದ ಅಂಗಿ. ರಾಕ್ಷಸನೇನಲ್ಲ. ಬಂದವನೇ ಸಿನಗಾಗಿನ ಹೊಸ್ತಿಲಲ್ಲಿ ನಿಂತು ತೂಗುದೀಪಗಳನ್ನು ನೋಡಿ, "ಇಷ್ಟು ಚೆನ್ನಾಗಿದೆ ಅಂತ ಗೊತ್ತಿರಲಿಲ್ಲ," ಎಂದ.

"ನೋಡಿದ್ರ ಗೊತ್ತಾಗತಿತ್ತು," ಎಂದಳು ಕೇತುರಾಬಾಯಿ. ಆದರೂ ರಾತ್ರಿಯ ಊಟಕ್ಕೆ ತೆಂಗಿನಹಾಲಿನ ಪಾಂಫ್ರೆಟ್ ಸಾರು, ಅಕ್ಕಿ ರೊಟ್ಟಿ ಬಡಿಸಿದಳು. ಅವನು ಮೂರು ಸಲ ಬಡಿಸಿಕೊಂಡ. ಅದು ಅವಳಿಗೆ ಒಳ್ಳೆಯ ಲಕ್ಷಣವಾಗಿ ಕಂಡಿತು.

ಬೆಳಿಗ್ಗೆ ಅವನಿಗೆ ಜಾಗ ತೋರಿಸಿದವಳು ಅವಳೇ. ಕಟ್ಟೆಯ ತಿರುವಿನಲ್ಲಿ, ಕಂಬದ ಪಕ್ಕ, ಒಂಟಿ ಕುರ್ಚಿ. "ಇಲ್ಲಿ ಕುಂದರ್ರಿ. ಎಲ್ಲಾ ಛಲೋ ಕಾಣ್ತೈತಿ." ಆಮೇಲೆ ಮೆನಾಶೆಯನ್ನು ಬಾಗಿಲ ಮರೆಗೆ ಕರೆದು ಒಂದೇ ಮಾತು ಹೇಳಿದಳು: "ದೊಡ್ಡಪ್ಪನ್ನ ನೀನs ಹಿಡಿ. ತಿರುವಿನ್ಯಾಗ ಕಂಬಕ್ಕ ಹತ್ತಿರ ಹಾಯ್ದು ಹೋಗು." ಯಾಕೆ ಎಂದು ಅವನು ಕೇಳಲಿಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ ಕಳೆದವನಿಗೆ ಕೆಲವು ಗಂಟೆ ಯಾಕೆ ಬಾರಿಸುತ್ತಾರೆ ಎಂದು ಕೇಳದೆಯೇ ಗೊತ್ತಾಗುತ್ತದೆ.

ಕಪಾಟಿನ ಪರದೆ ಸರಿಯಿತು. ಒಂದು, ಎರಡು, ಮೂರು... ಏಳೂ ಸುರುಳಿಗಳು ಏಳು ಎದೆಗಳಿಗೆ ಬಂದವು. ಖಾಲಿ ಕಪಾಟಿನಲ್ಲಿ ದೀಪ ಇಟ್ಟರು. ಎಷ್ಟೋ ವರ್ಷದ ಮೇಲೆ ಆ ಕಪಾಟಿನ ಬೆನ್ನು ಹಲಗೆ ಬೆಳಕು ಕಂಡಿತು. ಕೇತುರಾಬಾಯಿ ಮಹಡಿಯ ಕಟಕಟೆ ಹಿಡಿದು ಮುಂದಕ್ಕೆ ಬಾಗಿದಳು. ಹಾಡು ಎತ್ತಿದವಳು ಅವಳೇ, ಪಕ್ಕದಲ್ಲಿದ್ದ ಐದು ಹೆಂಗಸರು ಕೈತಟ್ಟಿದರು.

ಹಬ್ಬದ ದಿನ ಬರೆಯುವಂತಿಲ್ಲ. ಎಡ್ವಿನ್ ಏಳು ಗೋಡಂಬಿ ತಂದಿದ್ದ. ಒಂದೊಂದು ಸುತ್ತು ಮುಗಿದಂತೆ ಒಂದೊಂದನ್ನು ಎಡಗೈಯಿಂದ ಬಲಗೈಗೆ ಹಾಕಿಕೊಳ್ಳುತ್ತಿದ್ದ. ಮೂರು ಗೋಡಂಬಿ ಬಲಕ್ಕೆ ಬಂದಾಗ ಅವನ ಹುಬ್ಬು ಮೇಲೆ ಹೋಯಿತು. ನಾಲ್ಕರಲ್ಲಿ ಎಜ್ರಾನ ಮಂಡಿ ಕಟಕ್ಕೆಂದಿತು. ಅವನು ಹಲ್ಲು ಕಚ್ಚಿ ಹಾಡನ್ನೇ ಇನ್ನಷ್ಟು ಜೋರು ಮಾಡಿದ. ಐದರಲ್ಲಿ ಹಯೀಮ್ ತಮ್ಮನಿಗೆ, "ಎದೀಗೆ ಒತ್ತಿ ಹಿಡಿಯೋ," ಎಂದು ಕೂಗಿದ್ದು ಮಹಡಿಗೂ ಕೇಳಿತು. ಹೊರ ಊರಿನ ಮೂವರು ಬೆವರಿ ತೊಪ್ಪೆಯಾಗಿದ್ದರು, ಆದರೂ ಕುಣಿಯುತ್ತಿದ್ದರು. ಹೊರಗೆ ಬೇಲಿಯ ಆಚೆ ಮೀನುಗಾರ ಹೆಂಗಸರು ತಾಳ ಹಾಕತೊಡಗಿದ್ದರು.

ಆರನೆಯ ಸುತ್ತು ಮುಗಿಯಿತು. ಏಳನೆಯದಕ್ಕೆ ಕಾಲಿಟ್ಟು, ಕಂಬದ ತಿರುವಿಗೆ ಬಂದಾಗ ಮೆನಾಶೆ ನಿಂತುಬಿಟ್ಟ. ತೋಳು ನಡುಗುತ್ತಿತ್ತು. ಮುಖ ಬಿಳುಪೇರಿತ್ತು. ದೊಡ್ಡಪ್ಪ ಒಂದು ಕಡೆ ವಾಲಿತು, ಇನ್ನೊಂದು ಬೆರಳಷ್ಟು ವಾಲಿತು. ಹಾಡು ಗಕ್ಕನೆ ನಿಂತಿತು. ಸುರುಳಿ ನೆಲಕ್ಕೆ ಬಿದ್ದರೆ ಕಣ್ಣಾರೆ ಕಂಡವರೆಲ್ಲ ನಲವತ್ತು ದಿನ ಉಪವಾಸ. ಕೇತುರಾಬಾಯಿಗೆ ಆ ಉಪವಾಸ ನೆನಪಾಗಲಿಲ್ಲ. ಅಬಾಜಿ ಮೂವತ್ತೊಂದು ವರ್ಷ ಹೊತ್ತದ್ದು ಅವಳ ಕಣ್ಣೆದುರೇ ಬೀಳುತ್ತಿತ್ತು.

ಎಡ್ವಿನನ ಕೈಗಳು ತಾವೇ ಮೇಲೆದ್ದವು. ಯೋಚಿಸಿ ಎತ್ತಿದ್ದಲ್ಲ. ಮಗು ಬೀಳುವುದು ಕಂಡರೆ ಯಾರ ಕೈ ಸುಮ್ಮನಿರುತ್ತದೆ? ಗೋಡಂಬಿ ಏಳೂ ನೆಲದ ಮೇಲೆ ಚೆಲ್ಲಿದವು. ದೊಡ್ಡಪ್ಪ ಅವನ ಎದೆಗೆ ಬಂದು ಧಪ್ಪನೆ ಕೂತ. ಬೆಳ್ಳಿ ಪಟ್ಟಿ ಅವನ ಕೆನ್ನೆಗೆ ಒತ್ತಿತು. ಅಲ್ಲಿ ಸವೆದ ಅಕ್ಷರಗಳಲ್ಲಿ ಕೊಟ್ಟವರ ಹೆಸರಿತ್ತು: ತಾಂಬಳೇಕರ್ ಮನೆತನ.

ಅವನು ಓದಿದ. ಮತ್ತೊಮ್ಮೆ ಓದಿದ. ಸುತ್ತ ನೋಡಿದ. "ಇದನ್ನ... ಇದನ್ನ ಎಲ್ಲಿ ಇಡಲಿ?"

"ಹತ್ತೊಂಬತ್ತು ವರ್ಷಾತು, ನಾನೂ ಅದನ್ನs ಕೇಳಾಕತ್ತೀನಿ!" ಮಹಡಿಯಿಂದ ಕೇತುರಾಬಾಯಿಯ ದನಿ ಬಂತು. ಅರ್ಧ ಅಳು, ಅರ್ಧ ಗದರಿಕೆ. "ಇಡೂದೇನು? ನಡೀರಿ! ಸುತ್ತು ಬಾಕಿ ಐತಿ!"

ಎಡ್ವಿನ್ ನಡೆದ. ಮೊದಲು ಕಳ್ಳನ ಹಾಗೆ ಮೆಲ್ಲಗೆ, ಆಮೇಲೆ ಸರಿಯಾಗಿ. ಹಾಡು ಮತ್ತೆ ಎದ್ದಿತು. ಅರ್ಧ ಸುತ್ತಿನಲ್ಲಿ ಅವನ ಇಸ್ತ್ರಿ ಅಂಗಿ ಮುದ್ದೆಯಾಗಿತ್ತು, ಮುಕ್ಕಾಲು ಸುತ್ತಿನಲ್ಲಿ ಅವನೂ ಹಾಡುತ್ತಿದ್ದ. ಏಳೂ ಸುರುಳಿಗಳು ಏಳನೆಯ ಸುತ್ತು ಮುಗಿಸಿ ಕಪಾಟಿನ ಎದುರು ನಿಂತವು. ಕೇತುರಾಬಾಯಿ ಮಹಡಿಯಿಂದ ಹಿಡಿ ಹಿಡಿ ಅಕ್ಕಿ, ಗುಲಾಬಿ ಎಸಳು ಎಸೆದಳು. ಖುಷಿಗೆ ಅವಳಿಗೆ ಗುರಿ ತಪ್ಪಿ ಅರ್ಧಕ್ಕರ್ಧ ಎಜ್ರಾನ ಬೋಳುತಲೆಯ ಮೇಲೆ ಬಿತ್ತು.

ಊಟಕ್ಕೆ ಕೂತಾಗ ಅವಲಕ್ಕಿ, ಬೆಲ್ಲ, ತೆಂಗಿನತುರಿಯ ಮಲೀದಾ, ಗೋಧಿಹಾಲಿನ ಹಲ್ವ. ಎಡ್ವಿನ್ ತೋಳು ಒತ್ತಿಕೊಳ್ಳುತ್ತ ಹೇಳಿದ, "ಗೆದ್ದಿರಿ ಬಾಯಿ. ಕೊನೇ ಸುತ್ತು ನನ್ನ ಕೈಯಲ್ಲಿ ಬಂತು ಅಂತ ನಾನು ತಕರಾರು ತೆಗೆಯಲ್ಲ."

"ತಕರಾರು ಹೆಂಗ ತಗೀತೀರಿ?" ಎಜ್ರಾ ಹಲ್ವ ಮೆಲ್ಲುತ್ತ ನಕ್ಕ. "ಈಗ ನೀವs ದೊಡ್ಡಪ್ಪನ ತ್ವಾಳು. ಬರೂ ವರ್ಷ ನೀವs ಬಂದು ಇಳಸ್ಬೇಕು."

"ಅಂದ್ರೆ?"

ಎಜ್ರಾ ಪದ್ಧತಿ ವಿವರಿಸಿದ. ಎಡ್ವಿನನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಇದನ್ನ ಮೊದಲೇ ಯಾರೂ ಹೇಳ್ಲಿಲ್ಲವಲ್ಲ ನಂಗೆ!"

"ಹೆಸರಿನ್ಯಾಗ ತಾಂಬಳೆ ಇಟಗೊಂಡೀರಿ, ಗೊತ್ತಿರ್ತೈತಿ ಅಂದಕೊಂಡ್ವಿ," ಎಂದಳು ಕೇತುರಾಬಾಯಿ, ಮುಖದ ಒಂದು ಗೆರೆ ಅಲುಗಿಸದೆ.

ಓಣಿಯೆಲ್ಲ ಕೇಳುವ ಹಾಗೆ ನಕ್ಕರು. ಎಡ್ವಿನನೂ ನಕ್ಕ. ನಗು ಇಳಿದ ಮೇಲೆ ಅವನ ಮುಖ ಸಣ್ಣದಾಯಿತು. "ಅಲ್ಲಿ ಠಾಣೆಯಲ್ಲಿ ಏನು ಹೇಳಲಿ ಮಾವಶಿ? ನಾನೂರು ಮನೆ. ಹಬ್ಬದ ದಿನ ಹುಡುಗರು ಸಾಲಾಗಿ ನಿಂತ್ಕೋತಾರೆ, ಒಂದು ಗಳಿಗೆ ಹಿಡಿಯೋಕೆ ಸಿಕ್ಕರೆ ಸಾಕು ಅಂತ. ಇಲ್ಲಿ ಸುರುಳಿ ಇದೆ ತೋಳಿಲ್ಲ, ಅಲ್ಲಿ ತೋಳಿದೆ ಸುರುಳಿ ಇಲ್ಲ."

ಬಾಯಿ ಎನ್ನುತ್ತಿದ್ದವನು ಚಿಕ್ಕಮ್ಮನನ್ನು ಕರೆದಂತೆ ಮಾವಶಿ ಎಂದದ್ದು ಅವಳ ಕಿವಿಗೆ ಬಿತ್ತು. ಕೇತುರಾಬಾಯಿ ಎದ್ದು ಕೈ ತೊಳೆದಳು. ಸೊಂಟದ ಬೀಗದಕೈ ಹಿಡಿದು ಸ್ವಲ್ಪ ಹೊತ್ತು ಅಂಗಳ ನೋಡುತ್ತ ನಿಂತಳು. ಆರು ಒಯ್ಯುತ್ತೇವೆ ಎಂದಾಗ ಒಂದನ್ನೂ ಕೊಡಲಾರೆ ಎಂದು ಹಟ ಹಿಡಿದವಳು, ಏಳೂ ಉಳಿದ ಮೇಲೆ ಬೇರೆ ಏನನ್ನೋ ಯೋಚಿಸುತ್ತಿದ್ದಳು.

"ಸಣ್ಣಾಕಿನ್ನ ಒಯ್ರಿ," ಎಂದಳು.

ಮೆನಾಶೆ ಬೆಚ್ಚಿಬಿದ್ದ. "ಬಾಯಿ, ಗೆದ್ದೀವಲ್ಲ!"

"ಗೆದ್ದದ್ದಕ್ಕs ಕೊಡಾಕತ್ತೀನಿ. ಕಸಗೊಂಡು ಹೋಗ್ತೀನಿ ಅಂದವರಿಗೆ ಹೆಂಗ ಕೊಡ್ಲಿ? ಈಗ ಮನಿ ನೋಡಿದ್ರು, ಉಂಡ್ರು, ಹೊತ್ರು. ಈಗ ಬೀಗರಾದ್ರು." ಆಕೆ ಎಡ್ವಿನನ ಕಡೆ ತಿರುಗಿದಳು. "ಆದ್ರ ಕೇಳ್ರಿ. ಇದು ಹೆಣ್ಣು ಕೊಟ್ಟಾಂಗ. ಹಬ್ಬಕ್ಕ ತವರಿಗೆ ಕಳಸ್ಬೇಕು. ಒಂದs ಬರಬಾರದು, ಹೊರಾಕ ನಾಕು ಮಂದಿ ಹುಡುಗರು ಸಂಗಾಟ ಬರಬೇಕು. ಸಣ್ಣಾಕಿಗಿ ನಾಕು ಮಂದಿ ಯಾಕ ಅಂತ ಕೇಳಬ್ಯಾಡ್ರಿ. ಉಳಿದವಕ್ಕೂ ತ್ವಾಳು ಬೇಕು."

ಎಡ್ವಿನ್ ಎದ್ದು ಬಂದ. ಬಗ್ಗಿ ಅವಳ ಪಾದ ಮುಟ್ಟಿದ. "ಏಳ್ರಿ, ಅಂಗಿ ಇನ್ನೂ ಮುದ್ದಿ ಆಗ್ತೈತಿ," ಎಂದಳು ಅವಳು.

ಅವನು ಕೈ ತೊಳೆಯಲು ಹೋದಾಗ ಆಕೆ ಮೆನಾಶೆಯ ಪಕ್ಕ ಕೂತು ಕೇಳಿದಳು, "ಖರೆ ಹೇಳು. ಕೈ ನಡಗಿದ್ದು ನಾಟಕೇನು?"

ಮೆನಾಶೆ ಕನ್ನಡಕ ತೆಗೆದು ಒರೆಸಿದ. "ನಾಟಕಂತs ಶುರು ಮಾಡಿದ್ನಿ ಬಾಯಿ. ನಡಬರಕ ಖರೇನs ನಡಗಾಕತ್ತು. ಅಂವಾ ಹಿಡೀಲಿಲ್ಲಂದಿದ್ರ ಬೀಳತಿತ್ತು."

ಮರುದಿನ ಬಂದ ಟೆಂಪೋದಲ್ಲಿ ಸಣ್ಣಾಕಿ ಹೊರಟಳು. ಹಾಸಿಗೆಯ ಮೇಲೆ ರೇಷ್ಮೆ ಸೀರೆ ಹೊದಿಸಿ ಮಲಗಿಸಿದರು, ಅದು ಕೇತುರಾಬಾಯಿಯ ಮದುವೆಯ ಸೀರೆ. ಜೊತೆಗೆ ಐದು ಕಿಲೋ ಕೊಬ್ಬರಿ ಎಣ್ಣೆ. ಟೆಂಪೋ ತಿರುವು ದಾಟುವವರೆಗೆ ಗಟ್ಟಿಯಾಗಿ ನಿಂತಿದ್ದವಳು ಆಮೇಲೆ ಗಾಣದ ಕಟ್ಟೆಯ ಮೇಲೆ ಕೂತು ಮನಸಾರೆ ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಮಗಳನ್ನು ಕಳಿಸಿದ ದಿನದ ಅಳು ಎಂದು ಎಲ್ಲರಿಗೂ ಗೊತ್ತಿತ್ತು.

ಮುಂದಿನ ವರ್ಷ ಹಬ್ಬಕ್ಕೆ ಇನ್ನೂ ಎಂಟು ದಿನ ಇರುವಾಗ, ಸಂಜೆ ಹೊತ್ತಿಗೆ, ಕೇತುರಾಬಾಯಿ ಡಬ್ಬಗಳಿಗೆ ಮರಳು ತುಂಬುತ್ತಿದ್ದಳು. ಗೇಟಿನಲ್ಲಿ ಎಡ್ವಿನ್ ನಿಂತಿದ್ದ. ಇಸ್ತ್ರಿ ಇಲ್ಲದ ಅಂಗಿ, ಸೊಂಟಕ್ಕೆ ಪಟ್ಟಿ.

"ಇಷ್ಟು ಲಗೂನ?" ಎಂದಳು ಆಕೆ. "ಮಗಳೆಲ್ಲಿ?"

"ಹಬ್ಬದ ಹಿಂದಿನ ದಿನ ಬರ್ತಾಳೆ ಮಾವಶಿ. ನಾಲ್ಕು ಜನ ಸಾಕು ಅಂದ್ರಿ, ಹದಿಮೂರು ಜನ ಹೆಸರು ಕೊಟ್ಟಿದ್ದಾರೆ. ನಾನು ಬೇಗ ಬಂದೆ." ಅವನು ನಾಚುತ್ತ ಗಾಣದ ದುಂಡು ಹಾದಿ ನೋಡಿದ. ಅಲ್ಲಿ ಮೆನಾಶೆ, ಎಜ್ರಾ, ಅಣ್ಣತಮ್ಮಂದಿರು ಆಗಲೇ ಡಬ್ಬ ತಬ್ಬಿಕೊಂಡು ಸಾಲು ನಿಂತಿದ್ದರು. "ದೊಡ್ಡಪ್ಪ ಭಾರ ಇದ್ದಾನಲ್ಲ. ಅದಕ್ಕೆ."

ಕೇತುರಾಬಾಯಿ ಎಲ್ಲಕ್ಕಿಂತ ದೊಡ್ಡ ಡಬ್ಬ ಆರಿಸಿ, ಕಂಠಮಟ ಮರಳು ತುಂಬಿ, ಅವನ ತೋಳಿಗೆ ಕೊಟ್ಟಳು.

"ಎದೀಗೆ ಒತ್ತಿ ಹಿಡೀರಿ," ಎಂದಳು. "ಹೂಂ, ನಡೀರಿ ಎಲ್ಲಾರೂ. ಒಂದು!"